ಸೂಜಿ ಹಿಡಿದ ಚರಿತ್ರೆ ಮೇಡಂ

ವಿಮಲಾ ಅವರು ನೆಮ್ಮದಿಯಾಗಿ ಕುಳಿತದ್ದನ್ನು ಕಂಡವರು ಜಯನಗರದ ನಾಲ್ಕನೇ ಟಿ ಬ್ಲಾಕಿನಲ್ಲಿ ಬಹುಶಃ ಯಾರೂ ಇಲ್ಲ. ಕಾಫಿಯನ್ನು ನಿಂತೇ ಕುಡಿಯುತ್ತಾರೆ, ಪತ್ರಿಕೆಯನ್ನು ಓಡಾಡುತ್ತಲೇ ಓದುತ್ತಾರೆ. ನೂಲಿನ ಸೀರೆಯ ಕೆಳಗೆ ಕ್ಯಾನ್ವಾಸ್ ಬೂಟು, ಮೇಲೆ ತೀರಿಹೋದ ಪತಿಯ ಬೂದುಬಣ್ಣದ ಕೋಟು ತೊಟ್ಟು, ತಲೆಯನ್ನು ದೇಹಕ್ಕಿಂತ ಒಂದು ಗೇಣು ಮುಂದಿಟ್ಟು ನಡೆಯುವ ಅವರನ್ನು ನೋಡಿದರೆ ಹೊರಟೇಬಿಟ್ಟ ಬಸ್ಸೊಂದನ್ನು ಹಿಡಿಯಲು ಧಾವಿಸುತ್ತಿದ್ದಾರೆಂದೇ ಅನಿಸಬೇಕು. ಯಾರು ಮಾತಿಗೆ ತೊಡಗಿದರೂ "ತಾಳಿ, ತಾಳಿ" ಎಂದು ತಡೆಯುವ ಈಕೆಗೆ ತಾಳ್ಮೆಯೆಂಬ ಗುಣ ಮಾತ್ರ ಎಂದೂ ಒಲಿಯಲಿಲ್ಲ.

ಕಾಲೇಜಿನಲ್ಲಿ ಚರಿತ್ರೆ ಕಲಿಸುತ್ತಿದ್ದ ಅವರನ್ನು ಚೀನೀ ವೈದ್ಯಪದ್ಧತಿಯ ಕಡೆಗೆ ತಿರುಗಿಸಿದ್ದು ಅರೆತಲೆನೋವು. ಪರಿಚಿತ ಚಿಕಿತ್ಸಕರೊಬ್ಬರು ಕೂದಲೆಳೆಯಂಥ ಸೂಜಿಗಳನ್ನು ಚುಚ್ಚಿದಾಗ ವರ್ಷಗಳ ನೋವು ಇಳಿಯಿತು. ಬೇರೆಯವರಾಗಿದ್ದರೆ ಕೈಮುಗಿದು ಸುಮ್ಮನಾಗುತ್ತಿದ್ದರು. ಇವರಲ್ಲಿ ನೋವು ತೆರವು ಮಾಡಿದ ಜಾಗದಲ್ಲಿ ಪ್ರಶ್ನೆ ಬಂದು ಬೀಡುಬಿಟ್ಟಿತು. ಇಳಿದದ್ದು ಸೂಜಿಯಿಂದಲೋ, ನಂಬಿಕೆಯಿಂದಲೋ, ತನ್ನಷ್ಟಕ್ಕೆ ತಾನೋ? ಉತ್ತರ ಹುಡುಕುತ್ತ ಆ ವಿದ್ಯೆಯನ್ನೇ ಕಲಿತರು. ನಿವೃತ್ತಿಯ ಬಳಿಕ ಮನೆಯ ಮುಂಗೋಣೆಯಲ್ಲಿ ಚಿಕಿತ್ಸೆ ಆರಂಭಿಸಿದರು. ಪ್ರಶ್ನೆ ಮಾತ್ರ ಬಿಟ್ಟುಹೋಗಲಿಲ್ಲ.

ಅಲ್ಲಿಗೆ ಬಂದವರಿಗೆ ಮಂಡಿಗೆ ಸೂಜಿ, ಕಿವಿಗೆ ಚರಿತ್ರೆ. "ಐದು ಸಾವಿರ ವರ್ಷದ ವಿದ್ಯೆ ಅಲ್ವಾ ಮೇಡಂ?" ಎಂದು ಯಾರಾದರೂ ಹೊಗಳಿದರೆ ಕೆರಳಿಬಿಡುತ್ತಿದ್ದರು.

"ತಾಳಿ, ತಾಳಿ. ಹಳೇದು ಹಳೇದು ಅಂತ ಯಾಕ್ರೀ ಕುಣೀತೀರಾ? ಎಷ್ಟು ಸಲ ಬದಲಾಗಿದೆ ಅಂತ ಕೇಳಿ!"

ಆಮೇಲೆ ಕೋಣೆಯ ಉದ್ದಗಲಕ್ಕೂ ನಡೆಯುತ್ತ ಹೇಳುತ್ತಿದ್ದರು: ಚೀನಾದ ಚಕ್ರವರ್ತಿಯೊಬ್ಬ ತನ್ನ ಅರಮನೆಯ ವೈದ್ಯಶಾಲೆಯಿಂದ ಸೂಜಿಯನ್ನೇ ಹೊರಗಟ್ಟಿದ್ದನ್ನು, ನೂರು ವರ್ಷದ ಹಿಂದೆ ಈ ಇಡೀ ಪದ್ಧತಿಯನ್ನೇ ನಿಷೇಧಿಸಬೇಕೆಂಬ ಠರಾವು ಬಂದಾಗ ವೈದ್ಯರು ಅಂಗಡಿ ಮುಚ್ಚಿ ಬೀದಿಗಿಳಿದದ್ದನ್ನು, ಮುಂದೆ ಹೊಸ ಸರ್ಕಾರ ಊರಿಗೊಂದು ಮನೆಗೊಂದು ಎಂಬಂತಿದ್ದ ರೂಢಿಗಳನ್ನು ಒಟ್ಟುಗೂಡಿಸಿ ಪಠ್ಯಪುಸ್ತಕಕ್ಕೆ ಇಳಿಸಿದ್ದನ್ನು. ಮಲೇರಿಯಾದ ಮದ್ದಿನ ಕಥೆಗೆ ಬಂದಾಗ ಅವರ ದನಿ ತಗ್ಗುತ್ತಿತ್ತು. ಚಳಿಜ್ವರಕ್ಕೆ ಇಂಥದೊಂದು ಗಿಡವನ್ನು ನೀರಲ್ಲಿ ನೆನೆಸಿ ಹಿಂಡಿ ಕುಡಿಯಿರಿ ಎಂದು ಪುರಾತನ ವೈದ್ಯನೊಬ್ಬ ಬರೆದಿಟ್ಟಿದ್ದ. ಅದನ್ನೋದಿದ ಮೇಲೆಯೇ, ಕುದಿಸಿದರೆ ಗುಣ ಕೆಡಬಹುದೆಂಬುದು ಪ್ರಯೋಗಾಲಯದವರಿಗೆ ಹೊಳೆಯಿತು.

"ಹಳಬ ದಾರಿ ತೋರಿಸ್ದ. ಆದ್ರೆ ಪರೀಕ್ಷೆ ಮಾಡಿದ್ಮೇಲೇ ಔಷಧಿ ಆಯ್ತು."

ಎದುರುಮನೆಯ ಗಂಗಾಧರಯ್ಯನವರು ಈ ಕಥೆಗಳನ್ನೆಲ್ಲ ಮಂಡಿಯಲ್ಲಿ ಸೂಜಿ ನೆಟ್ಟುಕೊಂಡು ಕೇಳಿದವರು, ವಿದ್ಯುತ್ ಇಲಾಖೆಯಿಂದ ನಿವೃತ್ತರಾದವರು, ಮೇಡಂ ಕೈಗುಣದ ಪರಮಭಕ್ತರು. ಒಂದು ಬೆಳಿಗ್ಗೆ ಎಡಭುಜ ಒತ್ತಿಕೊಂಡು ಬಂದರು. ಚಳಿಯಲ್ಲೂ ಹಣೆ ಬೆವರಿತ್ತು.

"ಗ್ಯಾಸ್ ಇರ್ಬೇಕು ಮೇಡಂ. ಎರಡು ಸೂಜಿ ಹಾಕ್ಬಿಡಿ, ಸರಿಹೋಗತ್ತೆ."

ವಿಮಲಾ ಅವರು ಮುಖ ನೋಡಿದರು, ಕೈ ಹಿಡಿದರು, ಮರುಕ್ಷಣ ಸೂಜಿಯ ಡಬ್ಬಿಯನ್ನು ಪಟ್ಟನೆ ಮುಚ್ಚಿದರು.

"ಏಳಿ. ಆಸ್ಪತ್ರೆಗೆ ಹೋಗೋಣ."

"ನಿಮ್ ಕೈಲಿ ಆಗಲ್ವಾ?"

"ಆಗಲ್ಲ. ಏಳ್ರೀ!"

ಗೇಟಿನ ಬಳಿ ಹೋಗುತ್ತಿದ್ದ ಆಟೋವನ್ನು ಅಡ್ಡಗಟ್ಟಿ, ಅವರನ್ನು ಬಲವಂತವಾಗಿ ಕೂರಿಸಿ, ದಾರಿಯುದ್ದಕ್ಕೂ ಅವರ ಕೈ ಬಿಡದೆ ಕರೆದೊಯ್ದರು. ಹೃದಯದ ರಕ್ತನಾಳ ಕಟ್ಟಿಕೊಂಡಿತ್ತು. ಸ್ಟೆಂಟ್ ಹಾಕಿದ ಯುವವೈದ್ಯ ಶಿವಕಿರಣ್ ಹೊರಗೆ ಬಂದು ಮೆಚ್ಚಿದ: "ಸರಿಯಾದ ಟೈಮಿಗೆ ಕರ್ಕೊಂಡು ಬಂದ್ರಿ ಆಂಟಿ. ಇನ್ನು ಆ ಸೂಜಿಗೀಜಿ ಎಲ್ಲಾ ಬಿಟ್ಬಿಡಿ, ಬರೀ ಮನಸ್ಸಿನ ಸಮಾಧಾನ ಅದು."

"ಸಮಾಧಾನನೇ ಇರಬಹುದು. ಗೊತ್ತಾಗೋವರೆಗೂ ಬಿಡಲ್ಲ" ಎಂದರು ವಿಮಲಾ.

ಬದುಕಿ ಬಂದ ಗಂಗಾಧರಯ್ಯನವರಿಗೆ ಕೃತಜ್ಞತೆಗಿಂತ ಮುನಿಸು ಹೆಚ್ಚಾಗಿತ್ತು. ದೇವರೇ ಗುಡಿಯ ಬಾಗಿಲು ಮುಚ್ಚಿ ಬೇರೆ ಗುಡಿಗೆ ಕಳುಹಿಸಿದಂಥ ಅವಮಾನ. "ಅವ್ರ ವಿದ್ಯೆ ಮೇಲೆ ಅವ್ರಿಗೇ ನಂಬಿಕೆ ಇಲ್ಲ" ಎಂದು ಪಾರ್ಕಿನಲ್ಲಿ ಸಾರಿದರು. ಮುಂಗೋಣೆ ಬರಿದಾಗುತ್ತ ಬಂತು. ಆ ದಿನಗಳಲ್ಲಿ ವಿಮಲಾ ಅವರು ಬನಶಂಕರಿಯವರೆಗೂ ನಡೆದುಹೋಗಿ ಬರುತ್ತಿದ್ದರು, ತಮ್ಮೊಳಗೇ ವಾದಿಸುತ್ತ. ಒಂದು ಸೂಜಿ ಹಾಕಿ ಕಳಿಸಿದ್ದರೆ ಭಕ್ತ ಉಳಿಯುತ್ತಿದ್ದ, ಮನುಷ್ಯ ಉಳಿಯುತ್ತಿರಲಿಲ್ಲ. ಅದು ಗೊತ್ತಿದ್ದೂ ಬರಿದಾದ ಕೋಣೆ ಅವರನ್ನು ಚುಚ್ಚುತ್ತಿತ್ತು.

ಮಳೆಗಾಲ ಕಳೆದ ಮೇಲೆ ಗಂಗಾಧರಯ್ಯನವರೇ ಹೆಂಡತಿಯನ್ನು ಕರೆದುಕೊಂಡು ಬಂದರು. ಮುಖ ಬೇರೆ ಕಡೆಗಿತ್ತು.

"ಇವಳಿಗೆ ತಲೆನೋವು. ಸ್ಕ್ಯಾನ್ ಮಾಡ್ಸಿ, ಡಾಕ್ಟ್ರನ್ನ ಕೇಳ್ಕೊಂಡೇ ಬಂದಿದೀವಿ. ಅದಿಲ್ದೆ ಬಂದ್ರೆ ನೀವು ಮುಟ್ಟಲ್ಲ ಅಂತ ಗೊತ್ತು."

ವಿಮಲಾ ಅವರು ಕೈ ತೊಳೆಯಲು ಒಳಗೆ ಹೋದರು. ಹೊರಗೆ ಬರಲು ಸ್ವಲ್ಪ ಹೊತ್ತೇ ಹಿಡಿಯಿತು.

ತಾವು ಪ್ರೀತಿಸಿದ್ದನ್ನೇ ಬಿಡದೆ ಪ್ರಶ್ನಿಸುವ ಇಂಥವರಿಗೆ ಭಕ್ತರ ಪಂಕ್ತಿಯಲ್ಲಿಯೂ ಎಲೆ ಹಾಕುವುದಿಲ್ಲ, ಸಂಶಯಿಗಳ ಪಂಕ್ತಿಯಲ್ಲಿಯೂ ಹಾಕುವುದಿಲ್ಲ. ಆದರೆ ಒಂದು ವಿದ್ಯೆಯನ್ನು ಕೊಳೆಯದಂತೆ ಮುಂದಿನ ತಲೆಮಾರಿಗೆ ದಾಟಿಸುವವರು ಬಹುಶಃ ಇವರೇ: ದಿನವೆಲ್ಲ ಅದರೊಡನೆ ಜಗಳವಾಡಿ, ಮರುದಿನ ಬೆಳಗಾಗುತ್ತಲೇ ಮತ್ತೆ ಅದರ ಮನೆಯ ಕದವನ್ನೇ ತಟ್ಟುವವರು.