ತಮ್ಮನ ರಕ್ತದ ಎರಡು ಅಂಕಿ

ತಮ್ಮ ತೀರಿಕೊಂಡು ಇಪ್ಪತ್ತೆರಡು ದಿನಗಳಾಗಿದ್ದವು. ಅಕ್ಕ ಅವನ ಮನೆಯ ಮೆಟ್ಟಿಲು ಹತ್ತುತ್ತಿದ್ದಳು. ಕಟ್ಟಡಕ್ಕೆ ಲಿಫ್ಟ್ ಇತ್ತು. ಹದಿನೈದು ವರ್ಷ ಅದನ್ನು ರಿಪೇರಿ ಮಾಡಿಕೊಂಡು ಬಂದವನು ತಮ್ಮನೇ, ಅವನ ಕಸುಬೇ ಅದು. ಅದರ ಗುಂಡಿ ಒತ್ತಲು ಅವಳಿಗೆ ಕೈ ಬರಲಿಲ್ಲ.

ಕೈಚೀಲದಲ್ಲಿ ನಾಲ್ಕಾಗಿ ಮಡಿಸಿದ ಒಂದು ಹಾಳೆ ಇತ್ತು. ಅದರಲ್ಲಿರುವುದನ್ನು ಇವತ್ತು ತಮ್ಮನ ಹೆಂಡತಿಗೆ ಹೇಳಲೇಬೇಕು. ಹೇಳಿದರೆ ಈ ಮನೆಯ ಬಾಗಿಲು ತನಗೆ ಮುಚ್ಚಿಹೋಗುತ್ತದೆ. ಹೇಳದೆ ಹೋದರೆ ತಮ್ಮನ ಒಬ್ಬಳೇ ಮಗಳು, ಹತ್ತೊಂಬತ್ತು ತುಂಬಿದ ಸೋದರಸೊಸೆ, ಅಪ್ಪ ಹೋದ ದಾರಿಯಲ್ಲೇ ಹೋದಾಳು. ಇದೇ ಮಾತು ಹೇಳಲೆಂದು ಅಕ್ಕ ಎರಡು ಸಲ ಬಂದಿದ್ದಳು. ಎರಡು ಸಲವೂ ಕೊಟ್ಟ ನೀರು ಕುಡಿದು, ಆಡದ ಮಾತು ನುಂಗಿಕೊಂಡು ವಾಪಸಾಗಿದ್ದಳು.

ಅಕ್ಕನ ಕೆಲಸ ರೋಗದ ಲೆಕ್ಕ. ದೊಡ್ಡ ಆಸ್ಪತ್ರೆಯೊಂದರ ಬೆನ್ನಿಗೆ ಅಂಟಿಕೊಂಡ ಸಂಶೋಧನೆಯ ಕಟ್ಟಡದಲ್ಲಿ, ಎರಡು ಲಕ್ಷ ಜನರ ರಕ್ತದ ವಿವರ ಮುಂದಿಟ್ಟುಕೊಂಡು, ಯಾರ ಹೃದಯ ಯಾಕೆ ನಿಂತಿತು ಎಂದು ಹುಡುಕುವುದು. ಅಲ್ಲಿ ಎಲ್ಲರೂ ಅವಳನ್ನು ಲೆಕ್ಕದಕ್ಕ ಎಂದೇ ಕರೆಯುತ್ತಿದ್ದರು. ಅವಳ ಮೇಲಿನವರು ದೊಡ್ಡವರು. ವಯಸ್ಸಿನಲ್ಲೂ ಸರಿ, ಹೆಸರಿನಲ್ಲೂ ಸರಿ. ಮೈಯಲ್ಲಿ ಎಲ್ಲಾದರೂ ಉರಿಯೂತ ಎದ್ದರೆ ರಕ್ತದಲ್ಲಿ ಏರುವ ಒಂದು ಪ್ರೋಟೀನಿನ ಬೆನ್ನು ಹತ್ತಿ ಅವರು ಇಪ್ಪತ್ತು ವರ್ಷ ಸವೆಸಿದ್ದರು. ಅದಕ್ಕೆ ಮಾರುದ್ದದ ಹೆಸರು. ಬಾಯಿಗೆ ಸುಲಭವಾಗಲೆಂದು ಕಚೇರಿಯವರೆಲ್ಲ ಅದನ್ನು 'ಉರಿ' ಎನ್ನುತ್ತಿದ್ದರು. ರಕ್ತದ ಕೊಬ್ಬು, ಅಂದರೆ ಕೊಲೆಸ್ಟ್ರಾಲ್, ಬರೀ ಸೌದೆ, ಉರಿ ತಾಗದೆ ಸೌದೆ ಸುಡುವುದಿಲ್ಲ. ಇದು ದೊಡ್ಡವರ ಸಿದ್ಧಾಂತ. ಲೆಕ್ಕದಕ್ಕನೂ ಅದನ್ನು ನಂಬಿದ್ದಳು. ನಂಬಿದ್ದನ್ನು ಆರು ವರ್ಷದ ಹಿಂದೆ, ತನ್ನ ಅಡುಗೆಮನೆಯಲ್ಲಿ, ತಮ್ಮನ ಕಿವಿಗೂ ಹಾಕಿದ್ದಳು.

ಅವತ್ತು ಅವನು ರಕ್ತಪರೀಕ್ಷೆಯ ಚೀಟಿ ಬೀಸಿಕೊಂಡು ಬಂದಿದ್ದ. "ಅಕ್ಕಾ, ನನ್ನ ಜಾತಕ ಸ್ವಲ್ಪ ನೋಡೇ."

"ಕೊಬ್ಬು ಜಾಸ್ತಿ ಕಣೋ ನಿಂಗೆ."

"ಅದನ್ನ ಅಮ್ಮ ಪುಕ್ಕಟೆ ಹೇಳ್ತಿದ್ಲು, ದಿನಕ್ಕೆ ಎರಡು ಸಲ. ಬೇರೆ ಏನಾದ್ರೂ ಹೇಳು."

ಅವರಪ್ಪ ನಲವತ್ತೆಂಟಕ್ಕೆ ಊಟದ ತಟ್ಟೆಯ ಮುಂದೆ ಕುಸಿದವನು. ಅಪ್ಪನ ರಕ್ತದ ಕೊಬ್ಬು ಮಗನಿಗೆ ಇಳಿದಿತ್ತು, ಮಗಳಿಗೆ ಇಳಿದಿರಲಿಲ್ಲ. ವೈದ್ಯರು ಮಾತ್ರೆ ಬರೆದುಕೊಟ್ಟಿದ್ದರು. ನುಂಗಿದರೆ ತಮ್ಮನಿಗೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು. "ಹನ್ನೆರಡು ಮಹಡಿ ಲಿಫ್ಟಿನ ಬಾವಿಯೊಳಗೆ ನಿಂತು ಹಗ್ಗಕ್ಕೆ ಗ್ರೀಸ್ ಹಚ್ಚೋನು ನಾನು. ಅಲ್ಲಿ ಕಾಲು ಹಿಡ್ಕೊಂಡ್ರೆ ಹೃದಯ ನಿಲ್ಲೋ ತನಕ ಕಾಯೋದೇ ಬೇಡ, ಸೀದಾ ಕೆಳಗೆ."

ಅಕ್ಕ ಚೀಟಿಯ ಕೆಳಗಿನ ಸಾಲಿಗೆ ಬೆರಳಿಟ್ಟು ಹೇಳಿದ್ದಳು: "ಇಲ್ಲಿ ನೋಡು, ನಿನ್ನ ಉರಿ. ಇಲ್ಲವೇ ಇಲ್ಲ ಅನ್ನೋ ಹಾಗಿದೆ. ಇದು ಕಮ್ಮಿ ಇರೋರ ಹೃದಯ ಗಟ್ಟಿ ಕಣೋ. ನಾವು ಹಗಲೂ ರಾತ್ರಿ ನೋಡ್ತಿರೋದು ಇದನ್ನೇ."

ಮಾತ್ರೆ ಬಿಡು ಎಂದು ಅವಳು ಹೇಳಲಿಲ್ಲ. ಆದರೆ ತಮ್ಮನಿಗೆ ಅಕ್ಕನ ಮಾತೆಂದರೆ ವೇದವಾಕ್ಯ, ಅದರಲ್ಲೂ ತನಗೆ ಅನುಕೂಲವಾದ ವೇದವಾಕ್ಯ. ಎರಡು ತಿಂಗಳ ಮೇಲೆ ಅವನ ಮನೆಯ ಫ್ರಿಜ್ಜಿನ ಮೇಲೆ ಮಾತ್ರೆಯ ಪಟ್ಟಿ ಧೂಳು ಹಿಡಿದು ಬಿದ್ದಿದ್ದನ್ನು ಅಕ್ಕ ಕಂಡಳು. ಕಂಡೂ ಸುಮ್ಮನಿದ್ದಳು. ಸುಮ್ಮನಿದ್ದದ್ದು ಯಾಕೆ ಎಂದು ಆಮೇಲೆ ಅವಳು ದೇವರ ಮುಂದೆ ಎಷ್ಟೋ ಸಲ ಕೇಳಿಕೊಂಡಳು. ತನ್ನ ಮಾತು ಒಬ್ಬನ ಮೈಯಲ್ಲಿ ಇಷ್ಟು ಚೆನ್ನಾಗಿ ಬೇರು ಬಿಟ್ಟಿತಲ್ಲ ಎಂಬ ಸಣ್ಣ ಹೆಮ್ಮೆ. ಅದಕ್ಕಿಂತ ದೊಡ್ಡ ಕಾರಣವೇನೂ ಸಿಗಲಿಲ್ಲ.

ಉರಿ ಹೆಚ್ಚಿದ್ದವರಲ್ಲಿ ಹೃದಯಾಘಾತ ಹೆಚ್ಚು ಎನ್ನುವುದು ಸುಳ್ಳಾಗಿರಲಿಲ್ಲ. ಆದರೆ ಕಾಗೆ ಕೂತದ್ದಕ್ಕೂ ಕೊಂಬೆ ಮುರಿದದ್ದಕ್ಕೂ ಸರಿಹೋದರೆ, ಮುರಿದದ್ದು ಕಾಗೆಯೇ ಎಂದು ಹೇಳುವುದು ಹೇಗೆ? ಬೀಡಿ ಸೇದುವವರಿಗೂ ಉರಿ ಹೆಚ್ಚು, ಬೊಜ್ಜಿನವರಿಗೂ ಹೆಚ್ಚು. ಒಳಗೊಳಗೇ ಹೃದಯ ಕೆಟ್ಟವರಿಗೂ ಹೆಚ್ಚು. ಅದನ್ನು ಬಿಡಿಸಲು ಒಂದು ದಾರಿ ಇದೆ. ತಾಯಿಯ ಗರ್ಭದಲ್ಲೇ ಪ್ರತಿ ಮಗುವಿಗೂ ಚೀಟಿ ಎತ್ತಿದಂತೆ, ಅಪ್ಪನಿಂದ ಅರ್ಧ, ಅಮ್ಮನಿಂದ ಅರ್ಧ ಜೀನುಗಳು ಬಂದು ಬೀಳುತ್ತವೆ. ಕೆಲವರಿಗೆ ಹುಟ್ಟಾ ಉರಿ ಹೆಚ್ಚಿಸುವ ಚೀಟಿ, ಕೆಲವರಿಗೆ ತಗ್ಗಿಸುವ ಚೀಟಿ. ಆ ಚೀಟಿ ಎತ್ತುವ ಕೈಗೆ ಬಡವ ಬಲ್ಲಿದ ಗೊತ್ತಿಲ್ಲ. ಮುಂದೆ ಯಾರು ಬೀಡಿ ಸೇದುತ್ತಾರೆ, ಯಾರು ಕೂತು ತಿನ್ನುತ್ತಾರೆ ಎಂಬ ಗೊಡವೆಯೂ ಇಲ್ಲ. ಉರಿಯೇ ಹೃದಯ ಕೆಡಿಸುವುದಾದರೆ, ಹೆಚ್ಚಿನ ಚೀಟಿಯವರು ಹೆಚ್ಚು ಸಾಯಬೇಕು. ಎಣಿಸಿ ನೋಡಿದರಾಯಿತು. ಮನುಷ್ಯ ಕೇಳುವ ಮೊದಲೇ ದೇವರು ಮಾಡಿಟ್ಟ ಪರೀಕ್ಷೆ ಅದು ಎಂದು ಲೆಕ್ಕದಕ್ಕನಿಗೆ ಅನಿಸುತ್ತಿತ್ತು.

ಅಡುಗೆಮನೆಯ ಆ ಮಾತಿಗೆ ಆರು ವರ್ಷವಾಗುವಾಗ, ಒಂದು ಸೋಮವಾರ ಬೆಳಿಗ್ಗೆ ಆ ಎಣಿಕೆಯ ಉತ್ತರ ಪರದೆಯ ಮೇಲೆ ಬಂತು. ಉರಿಯ ಗೆರೆ ನೆಲಕ್ಕೆ ಒರಗಿ ಮಲಗಿತ್ತು. ಹೆಚ್ಚಿನ ಚೀಟಿಯವರೂ ಕಡಿಮೆಯ ಚೀಟಿಯವರೂ ಒಂದೇ ಲೆಕ್ಕದಲ್ಲಿ ಸತ್ತಿದ್ದರು.

ಅದೇ ಹಾಳೆಯಲ್ಲಿ ಇನ್ನೊಂದು ಗೆರೆಯೂ ಇತ್ತು. ಒರೆಗಲ್ಲು ಸರಿಯಿದೆಯೇ ಎಂದು ತಿಳಿಯಲು ಅಪ್ಪಟ ಬಂಗಾರವನ್ನೇ ತಿಕ್ಕಿ ನೋಡುವಂತೆ, ಕೊಬ್ಬನ್ನೂ ಅದೇ ಪರೀಕ್ಷೆಗೆ ಹಾಕಿದ್ದರು. ಅದರ ಗೆರೆ ಏಣಿಯಂತೆ ಮೇಲೇರಿತ್ತು. ಹುಟ್ಟಿನಿಂದಲೇ ಉರಿ ಕಡಿಮೆ ಇದ್ದವರಲ್ಲೂ ಅಷ್ಟೇ ಕಡಿದಾಗಿ ಏರಿತ್ತು. ಉರಿ ಇಲ್ಲದೆಯೂ ಸೌದೆ ಸುಟ್ಟಿತ್ತು.

ದೊಡ್ಡವರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಎಲ್ಲೋ ಅಕ್ಷರ ತಿರುಗುಮುರುಗಾಗಿದೆ ಕಣಮ್ಮ. ಹುಡುಕು."

ಅಂಥ ತಪ್ಪು ಈ ಕಸುಬಿನಲ್ಲಿ ಆಗುವಂಥದ್ದೇ. ಜೀನಿನ ಬರಹಕ್ಕೆ ಎರಡು ಎಳೆ. ಒಂದು ಪ್ರಯೋಗಾಲಯ ಈ ಎಳೆಯಿಂದ ಓದಿದರೆ, ಇನ್ನೊಂದು ಎದುರಿನ ಎಳೆಯಿಂದ ಓದುತ್ತದೆ. ಹೊಂದಿಸುವಾಗ ಎಚ್ಚರ ತಪ್ಪಿದರೆ ಹೆಚ್ಚು ಎಂಬುದು ಕಡಿಮೆ ಎಂದಾಗುತ್ತದೆ. ಲೆಕ್ಕದಕ್ಕ ಉರಿಯನ್ನು ಏರಿಸಿ ಇಳಿಸುವ ಜೀನುಗಳ ಐವತ್ಮೂರು ಜಾಗಗಳನ್ನು ಒಂದೊಂದಾಗಿ ಕೆದಕತೊಡಗಿದಳು. ತಮ್ಮನಿಗೆ ಫೋನ್ ಮಾಡಲು ಎರಡು ಸಲ ಕೈ ಹೋಯಿತು. ಖಚಿತವಾಗದೆ ಯಾಕೆ ಹೆದರಿಸುವುದು, ಮುಗಿಯಲಿ ಎಂದುಕೊಂಡಳು. ಹೀಗೆ ವಾರಗಳು ಉರುಳಿದವು.

ಐದನೆಯ ವಾರ ತಮ್ಮ ಅವಳ ಮನೆಯ ಬಾಗಿಲ ಚಿಲಕ ಸರಿಮಾಡಲು ಬಂದ. ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡೇ ಕೇಳಿದ, "ಏನೇ, ಮುಖ ಹುಳಿ ಹುಳಿ?"

"ಒಂದು ಲೆಕ್ಕ ಹೊಂದ್ತಿಲ್ಲ ಕಣೋ. ಎಲ್ಲಿ ತಪ್ಪಿದೆ ಅಂತ ಹುಡುಕ್ತಾ ಇದ್ದೀನಿ."

"ನಮ್ಮಲ್ಲಿ ಲಿಫ್ಟ್ ಮಧ್ಯ ಸಿಕ್ಕಿಹಾಕ್ಕೊಂಡ್ರೆ ಮೊದ್ಲು ಒಳಗಿರೋರನ್ನ ಹೊರಗೆ ತೆಗೀತೀವಿ. ಯಾಕೆ ನಿಂತಿತು ಅನ್ನೋದು ಆಮೇಲೆ."

ಅಕ್ಕನ ಬಾಯಿ ತೆರೆಯಿತು. ಅಷ್ಟರಲ್ಲಿ ಅವನ ಫೋನು ಹೊಡೆದುಕೊಂಡಿತು. ಎಲ್ಲೋ ಯಾರೋ ಸಿಕ್ಕಿಹಾಕಿಕೊಂಡಿದ್ದರು. "ಬರ್ತೀನೇ" ಎಂದು ಚೀಲ ಹೆಗಲಿಗೇರಿಸಿ ಹೊರಟುಬಿಟ್ಟ.

ಆರನೆಯ ವಾರ ಒಂದು ತಪ್ಪು ಸಿಕ್ಕಿತು. ಒಂದೇ ಒಂದು ಅಕ್ಷರ ನಿಜಕ್ಕೂ ತಿರುಗಿತ್ತು. ಲೆಕ್ಕದಕ್ಕ ಕುರ್ಚಿಯಿಂದ ಎದ್ದೇ ಬಿಟ್ಟಳು. ತಿದ್ದಿ ಮತ್ತೆ ಲೆಕ್ಕ ಹಾಕಿದರೆ ಉರಿಯ ಗೆರೆ ಇನ್ನಷ್ಟು ಮಟ್ಟಸವಾಯಿತು.

ಏಳನೆಯ ವಾರದ ಬುಧವಾರ, ಬೆಳಗಿನ ಹನ್ನೊಂದು ಗಂಟೆಗೆ, ಅಂಗಡಿಗಳ ಕಟ್ಟಡವೊಂದರ ಲಿಫ್ಟ್ ಯಂತ್ರದ ಕೋಣೆಗೆ ಹತ್ತುವ ಕಬ್ಬಿಣದ ಮೆಟ್ಟಿಲ ಮೇಲೆ ತಮ್ಮ ಕೂತ. ಸ್ವಲ್ಪ ಸುಧಾರಿಸಿಕೊಳ್ಳುತ್ತೇನೆ ಎಂದನಂತೆ. ಮತ್ತೆ ಏಳಲಿಲ್ಲ. ಅವನಿಗೆ ನಲವತ್ತಾರು.

ಸತ್ತವನನ್ನು ಕಳಿಸಿ ಬಂದ ನಾಲ್ಕನೆಯ ದಿನ ಕಚೇರಿಯ ಕುರ್ಚಿಯಲ್ಲಿ ಕೂತಾಗ ಲೆಕ್ಕದಕ್ಕನಿಗೆ ಒಂದು ಸಂಗತಿ ಹೊಳೆಯಿತು. ಉರಿಯ ಗೆರೆಯನ್ನು ಅವಳು ಏಳು ವಾರ ಅನುಮಾನಿಸಿದ್ದಳು. ಪಕ್ಕದ ಕೊಬ್ಬಿನ ಗೆರೆಯನ್ನು ಒಂದು ದಿನವೂ ಅನುಮಾನಿಸಿರಲಿಲ್ಲ. ಅದು ಬೇಕಾದ ಉತ್ತರ, ಗೊತ್ತಿದ್ದ ಉತ್ತರ, ನೋಡಿದ್ದಳು, ತಲೆಯಾಡಿಸಿದ್ದಳು. ತಮ್ಮನಿಗೆ ಬೇಕಾಗಿದ್ದದ್ದು ಆ ಒಂದು ಗೆರೆ ಮಾತ್ರ. ಅದನ್ನು ಹೇಳಲು ಯಾವ ಐವತ್ಮೂರು ಜಾಗವನ್ನೂ ಕೆದಕಬೇಕಿರಲಿಲ್ಲ. ಆ ಸೋಮವಾರವೇ, ಫೋನಿನಲ್ಲೇ, 'ಲೋ, ಮಾತ್ರೆ ನುಂಗೋ' ಎಂದಿದ್ದರೆ ಸಾಕಿತ್ತು. ಏಳು ವಾರದ ಮಾತ್ರೆ ಅವನನ್ನು ಉಳಿಸುತ್ತಿತ್ತೇ? ಆರು ವರ್ಷದ್ದಾಗಿದ್ದರೆ ಉಳಿಸುತ್ತಿತ್ತೇನೋ. ಆ ಲೆಕ್ಕ ಮೇಲಿರುವವನೊಬ್ಬನಿಗೇ ಗೊತ್ತು.

ಮೂರನೆಯ ಮಹಡಿಯ ಬಾಗಿಲು ತೆರೆದೇ ಇತ್ತು. ತಮ್ಮನ ಹೆಂಡತಿ ಅವನ ನೀಲಿ ಕೆಲಸದ ಅಂಗಿಗಳನ್ನು ಮಡಿಸಿ ಪೆಟ್ಟಿಗೆಗೆ ತುಂಬುತ್ತಿದ್ದಳು.

"ಬನ್ನಿ ಅತ್ತಿಗೆ. ಕೂತ್ಕೊಳ್ಳಿ. ಈ ಗ್ರೀಸು ಎಷ್ಟು ಒಗೆದ್ರೂ ಹೋಗಲ್ಲ ನೋಡಿ."

ಸೊಸೆ ಒಳಗಿನಿಂದ ಬಂದು ಪಕ್ಕದಲ್ಲಿ ಕೂತು ಒಂದು ಚೀಟಿ ಚಾಚಿದಳು. "ಅತ್ತೆ, ಕಾಲೇಜಲ್ಲಿ ರಕ್ತ ತಗೊಂಡಿದ್ರು. ನೀವು ಅಪ್ಪಂಗೆ ಹೇಳ್ತಿದ್ದ ಉರಿ ನಂಗೂ ಕಮ್ಮಿ. ಅಮ್ಮ ಸುಮ್ನೆ ಗಾಬರಿಯಾಗ್ತಾಳೆ, ಹೇಳಿ ಅವಳಿಗೆ."

ಅಕ್ಕ ಚೀಟಿ ನೋಡಿದಳು. ಕೆಳಗಿನ ಸಾಲು ಕಡಿಮೆ. ಮೇಲಿನ ಸಾಲು, ಕೊಬ್ಬು, ಹತ್ತೊಂಬತ್ತಕ್ಕೇ ಅಪ್ಪನ ಅಂಕಿಯನ್ನು ಮುಟ್ಟಿತ್ತು. ಹುಡುಗಿ ಆ ಸಾಲಿನ ಮೇಲೆ ಕಣ್ಣೂ ಹಾಯಿಸಿರಲಿಲ್ಲ. ಎಲ್ಲಿ ನೋಡಬೇಕೆಂದು ಈ ಮನೆಗೆ ಕಲಿಸಿದವಳು ತಾನೇ.

"ಅದಲ್ಲ ಪುಟ್ಟಿ," ಎಂದಳು. ಮೇಲಿನ ಸಾಲಿಗೆ ಬೆರಳಿಟ್ಟಳು. "ನೋಡ್ಬೇಕಾದ ಸಾಲು ಅದಲ್ಲ. ನಾನು ತಪ್ಪು ಹೇಳಿದ್ದೆ."

ಮಡಿಸಿದ ಹಾಳೆಯನ್ನು ಬಿಚ್ಚಿ ಅಂಗಿಗಳ ಮೇಲೇ ಹರಡಿದಳು. ಮಲಗಿದ ಗೆರೆ ತೋರಿಸಿದಳು, ಏರಿದ ಗೆರೆ ತೋರಿಸಿದಳು. ಧೂಳು ಹಿಡಿದ ಮಾತ್ರೆಯ ಪಟ್ಟಿ ಕಂಡೂ ಸುಮ್ಮನಿದ್ದದ್ದನ್ನು ಹೇಳಿದಳು. ಆ ಸೋಮವಾರವನ್ನೂ, ಏಳು ವಾರವನ್ನೂ ಹೇಳಿದಳು. ಒಂದನ್ನೂ ಬಿಡಲಿಲ್ಲ, ಒಂದಕ್ಕೂ ಸಬೂಬು ಸೇರಿಸಲಿಲ್ಲ.

ತಮ್ಮನ ಹೆಂಡತಿ ಹಾಳೆಯ ಕೆಳಗಿನ ಅಂಗಿಯನ್ನು ತನ್ನತ್ತ ಎಳೆದುಕೊಂಡಳು. "ಹಣೆಬರಹ ಅಂತ ಸಮಾಧಾನ ಮಾಡ್ಕೊಂಡಿದ್ದೆ," ಎಂದಳು. "ಅಕ್ಕ ಹೃದಯ ಗಟ್ಟಿ ಅಂದಿದ್ದಾಳೆ ಅಂತ ಸಿಕ್ಕಸಿಕ್ಕವರ ಹತ್ರ ಹೇಳ್ಕೊಂಡು ತಿರುಗ್ತಿದ್ರು. ಮಾತ್ರೆ ತಗೊಳ್ಳಿ ಅಂತ ನಾನು ಜಗಳ ಆಡಿದ್ದೀನಿ, ಅತ್ತಿಗೆ. 'ನೀನು ಅವಳಿಗಿಂತ ಓದಿದ್ದೀಯಾ' ಅಂದಿದ್ರು."

ಸೊಸೆಯ ಮುಖ ಬಿಳುಚಿತ್ತು. "ಅವತ್ತು ಹೇಳಿದ್ದು ಸುಳ್ಳು, ಇವತ್ತಿಂದು ನಿಜ. ನಾಳೆ ಇದೂ ಸುಳ್ಳು ಅಂದ್ರೆ?"

"ನನ್ನ ಮಾತು ನಂಬಬೇಡ ತಾಯಿ. ಬೇರೆ ವೈದ್ಯರ ಹತ್ರ ಹೋಗು. ಈ ಚೀಟಿ ತೋರಿಸು. ಅಜ್ಜ ನಲವತ್ತೆಂಟಕ್ಕೆ, ಅಪ್ಪ ನಲವತ್ತಾರಕ್ಕೆ ಹೋದ್ರು ಅಂತ ಅಷ್ಟು ಮಾತ್ರ ಹೇಳು. ನನ್ನ ಸುದ್ದಿಯೇ ಎತ್ತಬೇಡ. ಆಮೇಲೆ ಅವರು ಹೇಳಿದ ಹಾಗೆ ಕೇಳು. ಮಾತ್ರೆಯಿಂದ ಮೈ ನೋವು ಬಂದ್ರೆ ಅವರಿಗೇ ಹೇಳು, ಬೇರೆ ಕೊಡ್ತಾರೆ. ನೀನೇ ಬಿಡಬೇಡ."

ಹುಡುಗಿ ಎದ್ದು ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

ತಮ್ಮನ ಹೆಂಡತಿ ಟೇಬಲಿನ ಖಾನೆಯಿಂದ ಪೆನ್ನು ತಂದು, ಮಗಳ ಚೀಟಿಯನ್ನು ಬೆನ್ನು ಮೇಲಾಗಿಸಿ ಅಕ್ಕನ ಮುಂದಿಟ್ಟಳು. "ಯಾವ ಡಾಕ್ಟರು, ಎಲ್ಲಿ, ಬರೀರಿ."

ಅಕ್ಕ ಬರೆದಳು. ಫೋನ್ ನಂಬರಿನ ಒಂದು ಅಂಕಿ ತಪ್ಪಿತು. ಹೊಡೆದುಹಾಕಿ ಪಕ್ಕದಲ್ಲಿ ಬಿಡಿಬಿಡಿಯಾಗಿ ಮತ್ತೆ ಬರೆದಳು. ತಮ್ಮನ ಹೆಂಡತಿ ಚೀಟಿಯನ್ನು ತಿರುಗಿಸಿ ಓದಿ, ಮಡಿಸಿ ಸೆರಗಿನ ಒಳಗಿಟ್ಟುಕೊಂಡಳು.

"ನಾಳೆ ಬೆಳಿಗ್ಗೆಯೇ ಕರ್ಕೊಂಡು ಹೋಗ್ತೀನಿ. ನೀವು ಇನ್ನು ಹೋಗಿ ಅತ್ತಿಗೆ. ಮತ್ತೆ ಬರಬೇಡಿ. ನೀವು ಬಂದ್ರೆ ನಂಗೆ ಅವರು ಆ ಮಾತ್ರೆ ಪಟ್ಟಿ ಫ್ರಿಜ್ಜಿನ ಮೇಲಕ್ಕೆ ಎಸೆದದ್ದೇ ಕಣ್ಣಿಗೆ ಬರುತ್ತೆ."

"ಆಯ್ತಮ್ಮ," ಎಂದಳು ಅಕ್ಕ.

ಬಾಗಿಲು ಮುಚ್ಚಿಕೊಂಡಿತು. ಅವಳು ಮೆಟ್ಟಿಲ ಮೇಲೆ ನಿಂತು ಕೈಮುಗಿದಳು, ಆ ಮುಚ್ಚಿದ ಬಾಗಿಲಿಗೋ ಅದರಾಚೆಯ ಹುಡುಗಿಗೋ ದೇವರಿಗೋ ಅವಳಿಗೇ ಗೊತ್ತಾಗಲಿಲ್ಲ. ಸೊಸೆ ಮಾತ್ರೆ ನುಂಗುತ್ತಾಳೋ ಬಿಡುತ್ತಾಳೋ, ಇನ್ನು ಅಕ್ಕನಿಗೆ ತಿಳಿಸುವವರಿಲ್ಲ. ಕೇಳುವ ಹಕ್ಕೂ ಉಳಿದಿರಲಿಲ್ಲ. ಕಟಕಟೆ ಹಿಡಿದುಕೊಂಡು, ಒಂದೊಂದೇ ಮೆಟ್ಟಿಲು ಇಳಿಯತೊಡಗಿದಳು.