ಬಿಸಿಲಿಗೆ ಸೋರುವ ಮನೆ

ಮಳೆ ಬಂದರೆ ಮನೆ ಸೋರುವುದು ಎಲ್ಲ ಊರಲ್ಲೂ ಇದ್ದದ್ದೇ. ನಾರಿನ್ ಪಟ್ಟಣದ ಕೆಂಜೆಗುಲ್‌ಳ ಮನೆ ಮಾತ್ರ ಬಿಸಿಲು ಬಂದರೆ ಸೋರುತ್ತಿತ್ತು. ಇದು ಅವಳಿಗೆ ಗೊತ್ತಾಗುವ ಹೊತ್ತಿಗೆ ಅರ್ಧ ಚಳಿಗಾಲ ಕಳೆದಿತ್ತು.

ನದಿಯ ಪಕ್ಕದ ಹಳೆಯ ಎರಡಂತಸ್ತಿನ ಕಟ್ಟಡದಲ್ಲಿ ಅವರದು ಮೇಲಿನ ಮನೆ. ತಲೆಯ ಮೇಲೆ ಅಟ್ಟ, ಅಟ್ಟದ ಮೇಲೆ ಸಿಮೆಂಟ್ ಶೀಟಿನ ಮಾಡು. ಅದರಾಚೆ ಯಾರ ಬಚ್ಚಲೂ ಇಲ್ಲ, ಯಾರ ನಲ್ಲಿಯೂ ಇಲ್ಲ. ಆದರೂ ದೊಡ್ಡ ಕೋಣೆಯ ಸೀಲಿಂಗಿನಲ್ಲಿ, ಅಡುಗೆಮನೆಯ ಗೋಡೆಗೆ ಒತ್ತಿಕೊಂಡ ಹಾಗೆ, ಚಹಾ ಚೆಲ್ಲಿದಂಥ ಕಂದು ಕಲೆಯೊಂದು ಮೂಡಿತು. ಗಂಡ ಓರೋಜ್‌ಬಾಯ್ ರಾಜಧಾನಿ ಬಿಷ್ಕೆಕ್‌ಗೆ ವ್ಯಾನು ಓಡಿಸುವವನು. ಮನೆಯಲ್ಲಿದ್ದ ದಿನ ಏಣಿ ಹತ್ತಿ ಕಲೆಯ ಮೇಲೆ ಸುಣ್ಣ ಬಳಿದ. ಕಲೆ ಮಾಯವಾಯಿತು. ಅವನು ಇನ್ನೊಂದು ಸಲ ಬಿಷ್ಕೆಕ್‌ಗೆ ಹೋಗಿ ಬರುವಷ್ಟರಲ್ಲಿ ಅಂಚಿಗೆ ಹಳದಿ ಕಟ್ಟಿಕೊಂಡು, ಮೊದಲಿಗಿಂತ ಅಗಲವಾಗಿ ಮತ್ತೆ ಬಂದು ಕೂತಿತ್ತು.

ಬೇರೆ ವರ್ಷವಾಗಿದ್ದರೆ ವಸಂತದವರೆಗೆ ಬಿಟ್ಟುಬಿಡುತ್ತಿದ್ದರೇನೋ. ಈ ಸಲ ಮಗಳು ಬೆರ್ಮೆತ್‌ಗೆ ಸಂಬಂಧ ಕುದುರಿತ್ತು. ಕೊಚ್ಕೋರಿನಿಂದ ಗಂಡಿನ ಕಡೆಯವರು ಬಂದು ಹುಡುಗಿಯ ಕಿವಿಗೆ ಓಲೆ ಹಾಕಿ ಹೋಗುವ ಶಾಸ್ತ್ರ ಬಾಕಿ ಇತ್ತು. ಬೀಗರು ಬಂದು ಕೂರುವುದು ಅದೇ ದೊಡ್ಡ ಕೋಣೆಯಲ್ಲಿ, ಅದೇ ಕಲೆಯ ಕೆಳಗೆ.

ಓರೋಜ್‌ಬಾಯ್ ಮಾಡಿನ ಹೊರಮೈ ಹತ್ತಿ, ಶೀಟುಗಳ ಸಂದಿಗೆಲ್ಲ ಡಾಂಬರು ಮೆತ್ತಿ ಇಳಿದ. "ಇನ್ನು ಒಂದು ಹನಿ ಬಿದ್ದರೆ ನನ್ನ ಮೀಸೆ ಬೋಳಿಸು" ಎಂದ.

ಮರುದಿನ ಆಕಾಶ ತೊಳೆದಿಟ್ಟ ಬಟ್ಟಲಿನ ಹಾಗೆ ಹೊಳೆಯುತ್ತಿತ್ತು. ಹೊರಗೆ ಉಗುಳಿದರೆ ನೆಲ ಮುಟ್ಟುವ ಮೊದಲೇ ಹೆಪ್ಪುಗಟ್ಟುವ ಚಳಿ. ಕೆಂಜೆಗುಲ್ ಕಿಟಕಿಯ ಬಳಿ ಯಾರದೋ ಮನೆಯ ಪರದೆ ಹೊಲಿಯುತ್ತಿದ್ದಳು. ನಡುಮಧ್ಯಾಹ್ನ ಹಿಂದೆ ಧೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಹಲಗೆಯಗಲದ ಗಿಲಾವು ಕಳಚಿ ರತ್ನಗಂಬಳಿಯ ಮೇಲೆ ಬಿದ್ದಿದೆ. ಮೇಲೆ ಮರದ ಪಟ್ಟಿಗಳು ಪಕ್ಕೆಲುಬಿನಂತೆ ಕಾಣುತ್ತಿವೆ. ಅವುಗಳ ನಡುವಿನಿಂದ ತೊಟ್, ತೊಟ್ ಎಂದು ನೀರು.

ಅವಳು ಬೋಗುಣಿ ಇಟ್ಟಳು. ಆಮೇಲೆ ಕಿಟಕಿಯಾಚೆ ನೋಡಿದಳು. ಮೋಡವಿಲ್ಲ, ವಾರದಿಂದ ಹಿಮವೂ ಬಿದ್ದಿಲ್ಲ. ಮಾಡಿನ ಮೇಲಿದ್ದ ಚೂರುಪಾರು ಹಿಮವನ್ನು ಗಾಳಿ ಎಂದೋ ಗುಡಿಸಿಕೊಂಡು ಹೋಗಿದೆ. ಹಾಗಾದರೆ ನೀರೆಲ್ಲಿಂದ?

ಹೊಲಿಗೆಯಂತ್ರ ಕೆಟ್ಟರೆ ರಿಪೇರಿಗೆ ಕೊಡದೆ ಬಿಚ್ಚಿ ಕೂರುವ ಹೆಂಗಸು ಅವಳು. ಗಿಲಾವು ಬಿದ್ದ ದುಃಖಕ್ಕಿಂತ ಈ ಪ್ರಶ್ನೆಯೇ ದೊಡ್ಡದಾಯಿತು. ಅಂದಿನಿಂದ ಕಾಯತೊಡಗಿದಳು. ಮೋಡ ಕವಿದ ದಿನ ಬೋಗುಣಿ ಒಣಗಿರುತ್ತಿತ್ತು. ಹಿಮ ಸುರಿದ ದಿನವೂ ಒಣಗಿರುತ್ತಿತ್ತು. ಸೂರ್ಯ ಎದುರುಗುಡ್ಡ ದಾಟಿ ಮಾಡಿನ ಮೇಲೆ ಬಂದನೆಂದರೆ ಸಾಕು, ತೊಟ್, ತೊಟ್.

ಎಲ್ಲರೂ ಎಜೆ, ಅಂದರೆ ಅಕ್ಕ, ಎನ್ನುತ್ತಿದ್ದ ಎದುರುಮನೆಯ ಸಾಕಿನ್ ಬಾಗಿಲಲ್ಲೇ ನಿಂತು ಸೀಲಿಂಗು ನೋಡಿ ತೀರ್ಪು ಕೊಟ್ಟಳು. "ಮನೆ ಅಳ್ತಾ ಇದೆ ಕಣೇ. ಮಗಳು ಹೊರಟು ನಿಂತಿದಾಳಲ್ಲ."

"ಅಳೋದಾದ್ರೆ ಮೋಡ ಇದ್ದಾಗ ಅಳ್ಲಿ ಎಜೆ. ಬಿಸಿಲಲ್ಲಿ ಯಾರು ಅಳ್ತಾರೆ?"

"ನನ್ನ ಮದುವೇಲಿ ನಮ್ಮಮ್ಮ ಬಿಸಿಲಲ್ಲೇ ಅತ್ತಿದ್ದು. ನನ್ನ ಗಂಡನ ಮುಖ ಚೆನ್ನಾಗಿ ಕಂಡಿತ್ತಲ್ಲ!"

ಓರೋಜ್‌ಬಾಯ್‌ಗೆ ಹೇಳಿದರೆ ನಕ್ಕ. "ಬಿಸಿಲಿಗೆ ಸೋರೋದು ಅಂತ ಇನ್ನೊಬ್ಬರ ಹತ್ರ ಹೇಳ್ಬೇಡ ಮುದುಕಿ. ಬೀಗರು ಹುಡುಗೀಗೂ ತಲೆ ಕೆಟ್ಟಿದೆ ಅಂದ್ಕೊಂಡಾರು."

"ಹೌದಾ ಮುದುಕಪ್ಪ? ಮೊದಲು ಆ ಮೀಸೆ ಬೋಳಿಸ್ಕೊಂಡು ಬಾ, ಆಮೇಲೆ ಮಾತಾಡು."

ಅವನು ವ್ಯಾನು ಹತ್ತಿ ಹೋದ ಮೇಲೆ ಕೆಂಜೆಗುಲ್ ಗಂಡನ ಹಳೆಯ ದಪ್ಪ ಕೋಟು ತೊಟ್ಟು, ಟಾರ್ಚು ಬಾಯಲ್ಲಿ ಕಚ್ಚಿಕೊಂಡು, ಮೆಟ್ಟಿಲ ತಲೆಯಲ್ಲಿದ್ದ ಕಬ್ಬಿಣದ ಏಣಿ ಹತ್ತಿ ಅಟ್ಟದ ಬಾಗಿಲನ್ನು ಭುಜದಿಂದ ನೂಕಿದಳು. ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ಅವಳು ಅಲ್ಲಿಗೆ ಕಾಲಿಟ್ಟಿರಲಿಲ್ಲ.

ಟಾರ್ಚು ಎತ್ತಿದವಳು ಹಾಗೇ ನಿಂತುಬಿಟ್ಟಳು. ಮಾಡಿನ ಒಳಮೈ ತುಂಬ ಹಿಮದ ಹೂವು. ಒಂದೊಂದು ಮೊಳೆಯ ತುದಿಯಲ್ಲೂ ಒಂದೊಂದು ಗೊಂಚಲು. ತೊಲೆಗಳಿಂದ ಹಕ್ಕಿಗರಿಯಂಥ ಬಿಳಿ ಹರಳುಗಳು ಜೋತಾಡುತ್ತಿದ್ದವು. ಅವಳ ಉಸಿರು ತಾಗಿದ್ದೇ ತಡ, ಹತ್ತಿರದ ಗರಿಯೊಂದು ಮುರಿದು ಕೆನ್ನೆಯ ಮೇಲೆ ಬಿದ್ದು ಕರಗಿತು. ಅಟ್ಟದ ಮೂಲೆಗಳಲ್ಲಿ ಹೂವು ತೆಳ್ಳಗಿತ್ತು. ತಮ್ಮ ಕೋಣೆಯ ಮೇಲ್ಭಾಗಕ್ಕೆ ಬಂದಂತೆ ದಟ್ಟವಾಯಿತು. ಅಷ್ಟರಲ್ಲಿ ಬಿಸಿಲು ಮಾಡಿಗೆ ಹತ್ತಿರಬೇಕು, ಸುತ್ತಲೂ ಸಣ್ಣಗೆ ತೊಟ್ಟಿಕ್ಕುವ ಸದ್ದು ಶುರುವಾಯಿತು. ನೀರು ಹೊರಗಿನಿಂದ ಬರುತ್ತಿರಲಿಲ್ಲ. ಒಳಗೇ ಹೆಪ್ಪುಗಟ್ಟಿದ್ದು ಒಳಗೇ ಕರಗುತ್ತಿತ್ತು.

ಹೆಪ್ಪುಗಟ್ಟಲು ಮೊದಲು ಹಬೆ ಬೇಕು. ಹಬೆ ಯಾರದು?

ದಟ್ಟ ಹೂವಿನ ನಡುವೆ, ಅಡುಗೆಮನೆಗಳ ಹಬೆ ಹೊರಹೋಗಲೆಂದು ಕಟ್ಟಿದ ಇಟ್ಟಿಗೆಯ ಗಾಳಿಗೂಡು ಮೋಟಾಗಿ ನಿಂತಿತ್ತು. ಅದರ ತಲೆಯಿಂದ ಮಾಡಿನಾಚೆಗೆ ಹೋಗಬೇಕಾಗಿದ್ದ ತಗಡಿನ ಕೊಳವೆಯನ್ನು ಎಂದೋ ಯಾರೋ ಕಿತ್ತುಕೊಂಡು ಹೋಗಿದ್ದರು. ಗೂಡಿಗೆ ಎರಡು ಬಾಯಿ. ಒಂದು ಅವಳ ಅಡುಗೆಮನೆಯದು, ಅದು ಸುಮ್ಮನಿತ್ತು. ಇನ್ನೊಂದು ಕೆಳಮನೆಯದು, ಅದು ನಿದ್ದೆಹೋದ ಎತ್ತಿನಂತೆ ಬುಸ್ ಬುಸ್ ಎಂದು ಬಿಳಿ ಉಸಿರು ಬಿಡುತ್ತಿತ್ತು. ಕೆಂಜೆಗುಲ್ ಬಗ್ಗಿ ಮೂಸಿದಳು. ಮಾಂಸದ ವಾಸನೆಯಿಲ್ಲ, ಈರುಳ್ಳಿಯದಿಲ್ಲ, ಸೋಪಿನದೂ ಅಲ್ಲ. ವಸಂತದಲ್ಲಿ ಹೊಳೆ ಉಕ್ಕಿದಾಗ ದಂಡೆಯಿಂದ ಬರುವ ವಾಸನೆ, ನೀರವಂಜಿ ಮರದ ಹಸಿ ತೊಗಟೆಯದು.

ಕೆಳಮನೆಯಲ್ಲಿ ಇದ್ದವರು ಎಲ್ಲರೂ ಅತಾ, ಅಂದರೆ ಅಜ್ಜ, ಎನ್ನುತ್ತಿದ್ದ ಜುಮಾಕಾದಿರ್, ಒಬ್ಬರೇ. ಒಂದು ಕಾಲಕ್ಕೆ ಕುಸ್ತಿಯ ಉಸ್ತಾದರು. ಜಜ್ಜಿಹೋದ ಕಿವಿ, ಬಾಗಿಲಗಲದ ಭುಜ. ಹೆಂಡತಿ ತೀರಿಕೊಂಡ ಮೇಲೆ ಬ್ರೆಡ್ಡು ಚಹಾದಲ್ಲೇ ದಿನ ದೂಡುತ್ತಾರೆಂದು ಕಟ್ಟಡದವರೆಲ್ಲ ಮರುಗುತ್ತಿದ್ದರು.

ಕೆಂಜೆಗುಲ್ ಬಾಗಿಲು ತಟ್ಟಿದಳು. ಒಳಗೆ ಏನೋ ಉರುಳಿದ ಸದ್ದು. ಬಾಗಿಲು ಒಂದು ಗೇಣು ತೆರೆಯಿತು. ಹಣೆಯಲ್ಲಿ ಬೆವರು ಇಳಿಯುತ್ತಿದ್ದ ಮುಖ ಕಂಡಿತು.

"ಏನಮ್ಮಾ?"

"ಏನ್ ಅಡುಗೆ ಅತಾ?"

"ಅಡುಗೆ ಎಲ್ಲಿಂದ ಬಂತು. ಚಹಾ ಕುದೀತಾ ಇದೆ."

"ನಿಮ್ಮ ಚಹಾಕ್ಕೆ ಹೊಳೆದಂಡೆ ವಾಸನೆ ಯಾಕೆ?"

ಮುದುಕರು ಬಾಗಿಲ ಸಂದಿಯಲ್ಲೇ ಅವಳನ್ನು ಮೇಲಿಂದ ಕೆಳಗೆ ನೋಡಿದರು. ಅಟ್ಟದ ಧೂಳು, ಕೂದಲಲ್ಲಿ ಹಿಮ, ಗಂಡಸಿನ ಕೋಟು. ಕೊನೆಗೆ ನಿಟ್ಟುಸಿರು ಬಿಟ್ಟು, "ಬಾ. ಆದ್ರೆ ಸಾಕಿನ್‌ಗೆ ಮಾತ್ರ ಹೇಳ್ಬೇಡ" ಎಂದರು.

ಒಳಗೆ ಕಾಲಿಡಲು ಜಾಗವಿರಲಿಲ್ಲ. ಗೋಡೆಗೆಲ್ಲ ನೀರವಂಜಿಯ ಗಳಗಳು ಒರಗಿದ್ದವು. ಒಲೆಯ ಮೇಲೆ ಹಂಡೆಯಂಥ ಪಾತ್ರೆ. ಅದರ ಮುಚ್ಚಳದಿಂದ ಹೊರಟ ಉದ್ದನೆಯ ತಗಡಿನ ಕೊಳವೆಯೊಳಗೆ ಒಂದು ಗಳ ಬೇಯುತ್ತಿತ್ತು. ನೆಲದ ಮೇಲೆ ಮುರಿದವುಗಳ ರಾಶಿ. ಮಂಚದ ಮೇಲೆ ಹಗ್ಗದಿಂದ ಬಿಗಿದು ಕಟ್ಟಿದ್ದ, ಅರ್ಧ ಬಾಗಿದ ಮರದ ಬಳೆ.

ಕೆಂಜೆಗುಲ್‌ಗೆ ನೋಡಿದ ಕೂಡಲೇ ತಿಳಿಯಿತು. "ತುಂದುಕ್ ಮಾಡ್ತಿದೀರಾ!" ಉಣ್ಣೆಗಂಬಳಿಯ ದುಂಡು ಡೇರೆಯ ನೆತ್ತಿಗೆ ಕೂರುವ, ಹೊಗೆ ಹೋಗಿ ಬೆಳಕು ಬರುವ ಬಳೆ ಅದು.

"ಮಾಡ್ತಿದೀನಿ ಅನ್ಬೇಡ. ಮುರೀತಿದೀನಿ ಅನ್ನು." ಅವರು ಮಂಚದ ತುದಿಯಲ್ಲಿ ಕೂತರು. "ನಮ್ಮಪ್ಪ ಡೇರೆ ಮರದ ಕೆಲಸದೋನು. ಕಲಿಯೋ ಅಂದ್ರೆ ನಾನು ಕುಸ್ತಿಗೆ ಓಡಿದೆ. ಈಗ ಕೈ ತುರಿಸುತ್ತೆ, ಹೇಳಿಕೊಡೋಕೆ ಅವನಿಲ್ಲ. ಬಜಾರಿನ ಕೆಲಸದೋರನ್ನ ಕೇಳಿದ್ರೆ ನಗ್ತಾರೆ. ಹೋರಿಯಂಥ ಹುಡುಗರನ್ನೆಲ್ಲ ಬಗ್ಗಿಸಿದ ಕೈ ಇದು ಕೆಂಜೆಗುಲ್. ಒಂದು ಕಡ್ಡಿ ಮಾತು ಕೇಳ್ತಿಲ್ಲ."

ಜಗಳವಾಡಲೆಂದೇ ಇಳಿದು ಬಂದಿದ್ದಳು. ಮಾತೂ ನಾಲಿಗೆಯ ತುದಿಯಲ್ಲಿತ್ತು. ಆದರೆ ಬಾಯಿಂದ ಬಂದದ್ದು ಬೇರೆ. "ಎಷ್ಟು ಹೊತ್ತು ಬೇಯಿಸ್ತೀರಿ? ತೊಗಟೆ ಸುಲಿದು ಇಡ್ತೀರೋ, ಹಾಗೇ ಇಡ್ತೀರೋ?"

ಇಬ್ಬರೂ ಸೇರಿ ಒಂದು ಗಳ ಹೊರತೆಗೆದು ಬಗ್ಗಿಸಿದರು. ಅದು ಬಗ್ಗಿತು, ಇನ್ನೂ ಬಗ್ಗಿತು, ಅವಳು ಖುಷಿಯಿಂದ ಕೂಗುವಷ್ಟರಲ್ಲಿ ಫಟಾರೆಂದು ಮುರಿಯಿತು. ಆಮೇಲೆಯೇ ಅವಳಿಗೆ ಬಂದ ಕೆಲಸ ನೆನಪಾದದ್ದು.

"ಅತಾ, ನಿಮ್ಮ ಹಬೆ ಎಲ್ಲಿಗೆ ಹೋಗುತ್ತೆ ಗೊತ್ತಾ?"

"ಆಕಾಶಕ್ಕೆ. ಇನ್ನೆಲ್ಲಿಗೆ?"

ಅವಳು ಮೇಲೆ ಕರೆದುಕೊಂಡು ಹೋಗಿ ತೋರಿಸಿದಳು. ಮುದುಕರು ಬೋಗುಣಿಯ ಪಕ್ಕ ನಿಂತು ಪಕ್ಕೆಲುಬು ಕಾಣುವ ಸೀಲಿಂಗನ್ನು ಬಹಳ ಹೊತ್ತು ನೋಡಿದರು. ಒಂದು ಹನಿ ಅವರ ಜಜ್ಜಿದ ಕಿವಿಯ ಮೇಲೆ ಬಿತ್ತು. ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. "ನಾನು ನಿನ್ನ ಮನೇನ ಬೇಯಿಸ್ತಿದ್ದೆನಲ್ಲಮ್ಮಾ" ಎಂದರು.

ಓರೋಜ್‌ಬಾಯ್ ಬಂದು ಕೇಳಿದವನೇ ಕೂಗಾಡಿದ. "ನಾನು ಡಾಂಬರು ಮೆತ್ತಿದ್ದೆಲ್ಲ ದಂಡ! ಆ ಚಳೀಲಿ ಕೋತಿ ಥರ ಮಾಡಿನ ಮೇಲೆ ತೆವಳಿದ್ದೆಲ್ಲ ದಂಡ!" ಆದರೆ ಕೂಗು ಮುಗಿದ ಮೇಲೆ ತಗಡು ತಂದವನೂ ಅವನೇ. ಗೂಡಿನ ಬಾಯಿಗೆ ಹೊಸ ಕೊಳವೆ ಕೂರಿಸಿ ಮಾಡಿನಾಚೆಗೆ ಎತ್ತಿ, ಸುತ್ತ ಸಂದಿ ಮುಚ್ಚಿದ. ಮುದುಕರು ಹಿಮದ ಹೂವನ್ನೆಲ್ಲ ಕೆರೆದು ಗೋಣಿಗೆ ತುಂಬಿ ಅಟ್ಟದ ಕಿಂಡಿಯಿಂದ ಹೊರಗೆ ಸುರಿದರು. ಗೋಣಿಗೆ ಬೀಳುವಾಗ ಅದು ಗಾಜಿನಂತೆ ಗಲಗಲ ಅನ್ನುತ್ತಿತ್ತು. ಕೆಂಜೆಗುಲ್ ಪಾಪವೆನಿಸಿ ಒಂದು ಗರಿ ಎತ್ತಿಕೊಂಡಳು, ಬೆರಳಲ್ಲೇ ಕರಗಿಹೋಯಿತು. ಚಳಿ ತಡೆಯಲೆಂದು ಅಟ್ಟದಲ್ಲಿ ಹರಡಿದ್ದು ಈಗ ನೆನೆದು ಮುದ್ದೆಯಾಗಿದ್ದ ಮರದ ಹೊಟ್ಟನ್ನು ಎತ್ತಿ ಹಾಕಿದರು. ಸೀಲಿಂಗಿನಲ್ಲಿ ಬೆರಳಿಂದ ತಟ್ಟಿದರೆ ಟೊಳ್ಳು ಸದ್ದು ಬಂದ ಗಿಲಾವನ್ನೆಲ್ಲ ಅವಳು ಕೆಡವಿದಳು. ಪಟ್ಟಿಗಳು ಪೂರ್ತಿ ಒಣಗದೆ ಹೊಸ ಗಿಲಾವು ಹಿಡಿಯುವುದಿಲ್ಲ, ಕಾಯಬೇಕು.

ಕಾಯಲು ಬೀಗರು ಬಿಡಲಿಲ್ಲ. ದೊಲೋನ್ ಕಣಿವೆಯಲ್ಲಿ ಹಿಮಗಾಳಿ ಬರುವುದಿದೆ, ದಾರಿ ಮುಚ್ಚುವ ಮೊದಲೇ ಬಂದುಬಿಡುತ್ತೇವೆ, ನಾಳೆಯೇ ಎಂದು ಫೋನು ಬಂತು.

"ಕಂಬಳಿ ತಗೊಂಡು ಮೇಲೆ ಮೊಳೆ ಹೊಡೆದುಬಿಡೋಣ" ಎಂದ ಓರೋಜ್‌ಬಾಯ್.

"ಹಸಿ ಗಾಯಕ್ಕೆ ಬಟ್ಟೆ ಬಿಗಿದ್ರೆ ಕೊಳೆಯುತ್ತೆ. ಬೇಡ. ಹೇಗಿದೆಯೋ ಹಾಗೇ ನೋಡ್ಲಿ" ಎಂದಳು. ಹೇಳಿದಳೇ ಹೊರತು, ಮರುದಿನ ಹಿಟ್ಟು ಕಲಸುವಾಗ ಉಪ್ಪು ಹಾಕಿದೆನೋ ಇಲ್ಲವೋ ಎಂದು ಮತ್ತೆ ಮತ್ತೆ ನಾಲಿಗೆಗೆ ಹಚ್ಚಿ ನೋಡಿದಳು.

ಗಂಡಿನ ತಾಯಿ ಬಾಕ್ತಿಗುಲ್ ದೊಡ್ಡ ಮೈಯ, ಕಡಿಮೆ ಮಾತಿನ ಹೆಂಗಸು. ಶಾಲು ಬಿಚ್ಚಿ ಕೂತಳು, ಬ್ರೆಡ್ಡು ಮುರಿದು ಬಾಯಿಗಿಟ್ಟಳು, ತಲೆ ಎತ್ತಿದಳು. ಬೆರ್ಮೆತ್ ಚಹಾ ಬಟ್ಟಲನ್ನು ಅವಳ ಮುಂದಿಟ್ಟಳು.

"ಬೀಗಿತ್ತಿ, ನಿಮ್ಮ ಸೀಲಿಂಗು ಎಲ್ಲಿ ಹೋಯ್ತು?"

ಕೆಂಜೆಗುಲ್ ಒಂದು ಕ್ಷಣ ಗಂಡನನ್ನು ನೋಡಿದಳು. ಆಮೇಲೆ ಎಲ್ಲವನ್ನೂ ಹೇಳಿದಳು, ಬೋಗುಣಿ, ಬಿಸಿಲು, ಹಿಮದ ಹೂವು, ಹೊಳೆದಂಡೆಯ ವಾಸನೆ, ಏನೂ ಬಿಡದೆ. ಹೇಳುತ್ತಾ ಹೇಳುತ್ತಾ ಹೆದರಿಕೆ ಮರೆತೇಹೋಯಿತು. ಬಾಕ್ತಿಗುಲ್ ಬಾಯಲ್ಲಿದ್ದ ಬ್ರೆಡ್ಡು ಅಗಿಯುವುದನ್ನೂ ಬಿಟ್ಟು ಕೇಳಿದಳು. ಕೊನೆಗೆ ಎದ್ದು ಬೆರ್ಮೆತ್‌ಳ ಕಿವಿಗೆ ಓಲೆ ಹಾಕಿ, ಹಣೆಗೆ ಮುತ್ತಿಟ್ಟಳು. "ಶಾಸ್ತ್ರ ಮುಗೀತು. ಈಗ ಆ ಮುದುಕರ ಹತ್ರ ಕರ್ಕೊಂಡು ಹೋಗಿ."

ಗಂಡಿನ ಕಡೆಯವರೆಲ್ಲ ಕೆಳಮನೆಗೆ ಇಳಿದರು. ವಿಷಯ ಸಾಕಿನ್ ಎಜೆಯ ಕಿವಿಗೆ ಬೀಳದಿರುವುದು ಇನ್ನು ಸಾಧ್ಯವಿರಲಿಲ್ಲ, ಅವಳೇ ಎಲ್ಲರಿಗಿಂತ ಮುಂದಿದ್ದಳು. ಜುಮಾಕಾದಿರ್ ಅತಾ ನಾಚಿಕೆಯಿಂದ ಮುರಿದ ಗಳಗಳನ್ನು ಕಾಲಿನಿಂದ ಮಂಚದಡಿಗೆ ತಳ್ಳುತ್ತಿದ್ದರು. ಬಾಕ್ತಿಗುಲ್ ಒಂದನ್ನು ಎತ್ತಿ ತಿರುಗಿಸಿ ನೋಡಿದಳು. "ಇದರ ವಿದ್ಯೆ ನಂಗೊತ್ತಿಲ್ಲ. ನಮ್ಮಜ್ಜ ಮಾತ್ರ ಗಳಗಳನ್ನ ಬಿಸಿ ಸಗಣಿ ಗೊಬ್ಬರದೊಳಗೆ ಹೂತಿಡ್ತಿದ್ದ. ನಿಧಾನವಾಗಿ ಮೆತ್ತಗಾಗ್ತಿತ್ತು."

ಮುದುಕರ ಕಣ್ಣು ಅರಳಿತು.

"ಅದೊಂದು ಬಾಕಿ ಇತ್ತು!" ಓರೋಜ್‌ಬಾಯ್ ತಲೆ ಚಚ್ಚಿಕೊಂಡ. "ಇಷ್ಟು ದಿನ ಹಬೆ, ಇನ್ಮೇಲೆ ಸಗಣಿ!"

ಬಾಕ್ತಿಗುಲ್ ನಕ್ಕಿದ್ದು ಆಗಲೇ. ಆ ದೊಡ್ಡ ಮೈ ಅಲುಗಿದ್ದಕ್ಕೆ ಒರಗಿಸಿದ್ದ ಗಳಗಳು ಸಾಲಾಗಿ ಜಾರಿಬಿದ್ದವು.

ಪಟ್ಟಿಗಳು ಒಣಗಿದ ಮೇಲೆ ಗಂಡಹೆಂಡಿರಿಬ್ಬರೂ ಸೇರಿ ಹೊಸ ಗಿಲಾವು ಹಾಕಿದರು. ಅವನು ಕರಣೆಯಿಂದ ಎರಚಿದ್ದರಲ್ಲಿ ಅರ್ಧ ಅವನ ತಲೆಗೇ ಬಿತ್ತು. ಹಳತು ಹೊಸತು ಕೂಡುವಲ್ಲಿ ಕೂದಲೆಳೆಯ ಬಿರುಕೊಂದು ಉಳಿಯಿತು, ಸುಣ್ಣ ಅದನ್ನು ಮುಚ್ಚಿತು. ಜುಮಾಕಾದಿರ್ ಅತಾ ಕೆಲಸವನ್ನು ಹಿತ್ತಲಿನ ಕೊಟ್ಟಿಗೆಗೆ ಸಾಗಿಸಿದರು. ಬೇಸಿಗೆಯಲ್ಲಿ ಮದುವೆಯ ಹೊತ್ತಿಗೆ ಬಳೆಯೊಂದು ಸಿದ್ಧವಾಯಿತು. ಅದು ಮೊಟ್ಟೆಯಾಕಾರವಾಗಿತ್ತು. ಅವರು ಅದನ್ನು ಮದುಮಕ್ಕಳಿಗೆ ತೋರಿಸಿ, "ಇದು ಅಭ್ಯಾಸದ್ದು" ಎಂದರು.

ಮುಂದಿನ ಚಳಿಗಾಲ ಮೊದಲ ಬಿಸಿಲು ಬಿದ್ದಾಗ ಕೆಂಜೆಗುಲ್ ಟಾರ್ಚು ಹಿಡಿದು ಅಟ್ಟ ಹತ್ತಿದಳು. ತೊಲೆಗಳು ಒಣಗಿದ್ದವು. ಮೊಳೆಗಳು ಬರೀ ಮೊಳೆಗಳಾಗಿದ್ದವು. ಒಳ್ಳೆಯದೇ ಆಯಿತು ಎಂದುಕೊಂಡಳು, ಆದರೂ ಯಾವುದಾದರೂ ಮೂಲೆಯಲ್ಲಿ ಒಂದು ಹೂವಾದರೂ ಇದೆಯೇನೋ ಎಂದು ಬೆಳಕು ಆಡಿಸಿದಳು. ಆಗ ಗಾಳಿಗೂಡಿನೊಳಗೆ, ಕೆಳಮನೆಯ ಕಡೆಯಿಂದ ಸದ್ದೊಂದು ಕೇಳಿತು, ಉಜ್ಜುವಂಥದ್ದು, ಹಬೆಯಲ್ಲ, ಗರಗಸವೂ ಅಲ್ಲ. ಇಟ್ಟಿಗೆಗೆ ಕಿವಿ ಹಚ್ಚಿ ಕೇಳಿದಳು. ಅತಾ ಮತ್ತೇನೋ ಹೊಸದು ಶುರುಮಾಡಿದ್ದರು, ಏನೆಂದು ಮಾತ್ರ ತಿಳಿಯಲಿಲ್ಲ. ಕೋಟಿನ ಧೂಳು ಕೂಡ ಕೊಡವದೆ ಏಣಿಯಿಳಿದು, ತನ್ನ ಬಾಗಿಲು ದಾಟಿ, ಕೆಳಮನೆಯ ಕಡೆಗೆ ನಡೆದಳು.