ಕಾವಲು ಚೀಟಿ

"ಆ ಪತ್ರ ಎಲ್ಲಿದೆ ಅಮ್ಮಾ?"

ನಿಘಂಟು ಕಚೇರಿಯ ಪ್ರಧಾನ ಸಂಪಾದಕರು ಅವಳ ಮೇಜಿನ ತನಕ ನಡೆದು ಬಂದದ್ದು ಹನ್ನೊಂದು ವರ್ಷಗಳಲ್ಲಿ ಇದು ಎರಡನೇ ಸಲ. ಅವಳು ಬರೆಯುತ್ತಿದ್ದ ಚೀಟಿಯ ಸಾಲು ಮುಗಿಸಿ ಪೆನ್ನಿಗೆ ಮುಚ್ಚಳ ಹಾಕಿದಳು.

"ಯಾವ ಪತ್ರ ಸರ್?"

"ಅದೇ, ಹಳೇ ಕಾಲದ ಇಂಗ್ಲೆಂಡಿನ ಗಿರಣಿಯವಳು ತಮ್ಮನಿಗೆ ಬರೆದದ್ದು. ನನ್ನ 'ಮಸ್ಟ್' ಪದದ ಪುಸ್ತಕದಲ್ಲಿ ಇದೆಯಲ್ಲ. ನಾಳೆ ನನ್ನ ಸನ್ಮಾನಕ್ಕೆ ಬರ್ತಿರೋ ಪ್ರೊಫೆಸರು ಮೂಲ ಪತ್ರಾನೇ ನೋಡ್ಬೇಕಂತೆ. ಸಭೆಗೆ ಮುಂಚೆ ತೋರಿಸಿ ಅಂತ ಬರೆದಿದಾರೆ."

ಅವಳಿಗೆ ಗೊತ್ತಿತ್ತು. ಟಪಾಲು ಮೇಲಿನ ಮಹಡಿಗೆ ಹೋಗುವುದು ಅವಳ ಮೇಜು ದಾಟಿಯೇ. ಪ್ರೊಫೆಸರ ಕಾಗದ ಮೂರು ದಿನದ ಹಿಂದೆಯೇ ದಾಟಿತ್ತು.

ಆ ಕೋಣೆಯ ಗೋಡೆಗಳ ತುಂಬ ಮರದ ಸಣ್ಣ ಖಾನೆಗಳು. ಒಂದೊಂದು ಇಂಗ್ಲಿಷ್ ಪದಕ್ಕೆ ಒಂದೊಂದು ಖಾನೆ, ಅದರಲ್ಲಿ ಆ ಪದ ಬಳಕೆಯಾದ ಹಳೆಯ ವಾಕ್ಯಗಳ ಚೀಟಿಗಳು. 'ಮಸ್ಟ್' ಒಂದು ಖಾನೆ ತುಂಬಿ ಕೆಳಗಿನದಕ್ಕೂ ಇಳಿದಿತ್ತು. ಏಳು ವರ್ಷ ಅದನ್ನು ತುಂಬಿದವಳು ಅವಳು. "ನಾಲ್ಕಕ್ಷರಕ್ಕೆ ಏಳು ವರ್ಷಾನಾ ಚೀಟಿಯಮ್ಮಾ? ಅಷ್ಟರಲ್ಲಿ ನಾನು ಇಬ್ಬರು ಮಕ್ಕಳನ್ನ ಹೆತ್ತು ಇಸ್ಕೂಲಿಗೆ ಕಳಿಸ್ದೆ" ಎಂದು ಕಸ ಗುಡಿಸುವ ಆಯಾ ನಗುತ್ತಿದ್ದಳು. ಆದರೆ ಆ ಪುಟ್ಟ ಪದದ ಬಾಳು ದೊಡ್ಡದು. ಅದು ಹುಟ್ಟಿದ್ದು ಬೇರೊಂದು ಕ್ರಿಯಾಪದದ ಭೂತಕಾಲದ ರೂಪವಾಗಿ. ತಾಯಿ ಪದ ಸತ್ತಿತು, ಮಗು ಉಳಿಯಿತು. ಮೊದಮೊದಲು ಅದಕ್ಕೆ 'ಅಪ್ಪಣೆ ಇತ್ತು', 'ಮಾಡಬಹುದಿತ್ತು' ಎಂಬ ಮೆತ್ತನೆಯ ಅರ್ಥವಿತ್ತು. ಬರಬರುತ್ತಾ 'ಮಾಡಲೇಬೇಕು' ಎಂದು ಬೆರಳು ತೋರಿಸತೊಡಗಿತು. ಆ ಬದಲಾವಣೆಯ ಹೆಜ್ಜೆ ಹೆಜ್ಜೆಯನ್ನೂ ಅವಳು ಚೀಟಿಗಳಲ್ಲಿ ಹಿಡಿದಿಟ್ಟಿದ್ದಳು.

ಚೀಟಿ ಬರೆಯುವವರಲ್ಲಿ ಒಂದು ಪದ್ಧತಿ ಇತ್ತು. ಅವಳಿಗೆ ಕೆಲಸ ಕಲಿಸಿದ ಹಿರಿಯ ಗುಮಾಸ್ತರು ಮೊದಲ ವಾರವೇ ಅದನ್ನು ಹೇಳಿಕೊಟ್ಟಿದ್ದರು. ಪ್ರತಿ ಖಾನೆಯಲ್ಲೂ ಒಂದು ಸುಳ್ಳು ಉದಾಹರಣೆ ಬರೆದಿಡಬೇಕು. ಮೂಲೆಯಲ್ಲಿ ಸೂಜಿಯಿಂದ ಒಂದು ತೂತು. ಯಾರಾದರೂ ಕದ್ದು ಅಚ್ಚು ಹಾಕಿಸಿದರೆ ಆ ಸುಳ್ಳೇ ಅವರನ್ನು ಹಿಡಿದುಕೊಡುತ್ತದೆ. ತಮ್ಮ ನಿಘಂಟು ಅಚ್ಚಿಗೆ ಹೋಗುವ ಮುಂಚೆ ಆ ಚೀಟಿಯನ್ನು ಇಟ್ಟವರೇ ತೆಗೆಯಬೇಕು. ಅದಕ್ಕೆ ಕಾವಲು ಚೀಟಿ ಎಂದು ಹೆಸರು. ಕಾಲೇಜಿನಿಂದ ನೇರವಾಗಿ ಮೇಲಿನ ಮಹಡಿಗೆ ಬಂದ ಸಂಪಾದಕರಿಗೆ ಇದನ್ನು ಹೇಳುವವರು ಯಾರು?

ಅವಳು ಅಮ್ಮನನ್ನು ನೋಡಿಕೊಳ್ಳಲು ಆಸ್ಪತ್ರೆಯಲ್ಲಿದ್ದ ಎರಡು ತಿಂಗಳಲ್ಲಿ 'ಮಸ್ಟ್' ಖಾನೆ ಸಂಪಾದಕರ ಮಹಡಿಗೆ ಹೋಗಿತ್ತು. ಅಮ್ಮನನ್ನು ಕಳೆದುಕೊಂಡು ಮರಳಿದಾಗ ಪುಸ್ತಕದ ಕರಡು ಸಿದ್ಧವಾಗಿತ್ತು, ಅವರ ಹೆಸರಲ್ಲಿ. ಹಳೆಯ ಅರ್ಥ ಎಲ್ಲರೂ ತಿಳಿದದ್ದಕ್ಕಿಂತ ಇನ್ನೂರು ವರ್ಷ ಹೆಚ್ಚು ಬಾಳಿತ್ತು ಎಂಬುದೇ ಅದರ ದೊಡ್ಡ ಶೋಧ. ಆಧಾರ, ಗಿರಣಿಯವಳ ಪತ್ರ. ಅವಳೇ ಬರೆದಿಟ್ಟ ಸೂಜಿತೂತಿನ ಚೀಟಿ. ಅವಳು ಗಾಬರಿಯಿಂದ ಬಾಯಿ ತೆರೆದಿದ್ದಳು. "ಸರ್, ಆ ಖಾನೇಲಿ ಒಂದು—"

"ನೀವು ಚೀಟಿ ಜೋಡಿಸಿಕೊಂಡಿರಿ ಅಮ್ಮಾ" ಎಂದಿದ್ದರು ಅವರು, ಇದೇ ಮೇಜಿನ ಮುಂದೆ. "ಅರ್ಥ ನಾವು ನೋಡ್ಕೋತೀವಿ."

ಅವಳು ಬಾಯಿ ಮುಚ್ಚಿದಳು. ಪುಸ್ತಕಕ್ಕೆ ಬಹುಮಾನಗಳು ಬಂದವು. ಮುನ್ನುಡಿಯಲ್ಲಿ 'ಸಿಬ್ಬಂದಿಗೆ ವಂದನೆ' ಎಂದಿತ್ತು. ಅದರ ಮೇಲಿನ ಸಾಲು ಅವಳಿಗೆ ಬಾಯಿಪಾಠವಾಗಿತ್ತು: 'ಆ ಪತ್ರವನ್ನು ಕೈಯಲ್ಲಿ ಹಿಡಿದು ಓದಿದಾಗ ನನ್ನ ಕಣ್ಣು ತೇವವಾಯಿತು.'

ಈಗ ಅವಳು ಹೇಳಿದಳು, "ನೀವೇ ಕೈಯಲ್ಲಿ ಹಿಡಿದು ಓದಿದ್ರಲ್ಲ ಸರ್. ಎಲ್ಲಿಟ್ಟಿದೀರೋ."

ಅವರ ಮುಖ ಹುಳ್ಳಗಾಯಿತು. "ಬರೆಯುವಾಗ ಹಾಗೆ ಒಂದು ಮಾತು ಬರುತ್ತೆ. ನೋಡಿ, ಚೀಟೀಲಿ 'ಖಾಸಗಿ ಸಂಗ್ರಹ' ಅಂತಷ್ಟೇ ಇತ್ತು. ಯಾರ ಸಂಗ್ರಹ?"

ಒಂದು ಗಳಿಗೆ ಅವಳಿಗೆ ಕನಿಕರ ಬಂತು. "ನಾಳೆ ಸಭೇಲಿ ಹೇಳಿಬಿಡಿ ಸರ್, ಆ ಖಾನೆ ಕೆಲಸ ಯಾರದು ಅಂತ. ಪ್ರೊಫೆಸರಿಗೆ ನಾನೇ ಉತ್ತರ ಕೊಡ್ತೀನಿ. ನಿಮ್ಮ ಮರ್ಯಾದೆ ಉಳಿಯೋ ಹಾಗೆ."

ಸಂಪಾದಕರು ನಕ್ಕರು. "ಎಂಥ ಮಾತು ಅಮ್ಮಾ. ಚೀಟಿ ಯಾರು ಬೇಕಾದ್ರೂ ಬರೀತಾರೆ."

ಅವಳು ಎದ್ದು 'ಮಸ್ಟ್' ಖಾನೆಯನ್ನು ಎಳೆದು, ಎರಡೂ ಕೈಯಲ್ಲಿ ಹೊತ್ತು ತಂದು ಮೇಜಿನ ಮೇಲಿಟ್ಟಳು. "ಚೀಟಿ ಜೋಡಿಸೋದು ನನ್ನ ಕೆಲಸ, ಜೋಡಿಸಿಟ್ಟಿದೀನಿ. ಅರ್ಥ ನೀವು ನೋಡ್ಕೊಳ್ಳಿ ಸರ್."

ಅವರು ಅವಳ ಕುರ್ಚಿಯಲ್ಲೇ ಕೂತು ಒಂದೊಂದಾಗಿ ಚೀಟಿ ತಿರುವತೊಡಗಿದರು. ಅವಳು ಕೈಚೀಲ ತೆರೆದು ಮೂರನೇ ಸಲ ನೋಡಿದಳು. ಬಟ್ಟೆಯಲ್ಲಿ ಸುತ್ತಿದ ಕಾವಲು ಪುಸ್ತಕ ಅಲ್ಲೇ ಇತ್ತು. ಯಾವ ಖಾನೆಯಲ್ಲಿ ಯಾವ ಸುಳ್ಳು, ಯಾರು ಯಾವತ್ತು ಇಟ್ಟದ್ದು, ಪ್ರತಿ ಸಾಲಿನ ಪಕ್ಕದಲ್ಲೂ ಹಿರಿಯ ಗುಮಾಸ್ತರ ಸಹಿ. ಪ್ರೊಫೆಸರು ಬೆಳಗಿನ ರೈಲಿಗೆ ಬರುವವರಿದ್ದರು. ಅವರನ್ನು ನಿಲ್ದಾಣದಿಂದ ಕರೆತರುವ ಕೆಲಸ ಅವಳದೇ.

ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತಾ ಅವಳು ತಿರುಗಿ ನೋಡಿದಳು. ಕಿಟಕಿಯಿಂದ ಸಂಜೆಯ ಬಿಸಿಲು ಓರೆಯಾಗಿ ಬಿದ್ದಿತ್ತು. ಸಂಪಾದಕರು ಒಂದು ಚೀಟಿಯನ್ನು ಕಣ್ಣಿನ ಹತ್ತಿರ ಹಿಡಿದು ಅಕ್ಷರ ಅಕ್ಷರವಾಗಿ ಓದುತ್ತಿದ್ದರು. ಅದರ ಮೂಲೆಯ ತೂತಿನಿಂದ ಸಾಸಿವೆ ಕಾಳಿನಷ್ಟು ಬೆಳಕು ಹಾದು ಬಂದು ಅವರ ಕೆನ್ನೆಯ ಮೇಲೆ ಕೂತಿತ್ತು.